ಜಾಲಿಬೋರೆಯ ಲೆಕ್ಕ

ಯಲಹಂಕ ದಾಟಿ ಬಲಕ್ಕೆ ಹೊರಳಿದರೆ
ಒಂದು ಬೆಟ್ಟವಿತ್ತು.
ಅದನ್ನು ನಾನು ಬರೆದು ಖಾಲಿ ಮಾಡಿದೆ.

ಉಳಿ ಹಿಡಿದವನಲ್ಲ ನಾನು, ಚೀಟಿ ಗುಮಾಸ್ತ.
ತಗಡಿನ ಶೆಡ್ಡು, ಕಾಲು ಕುಂಟುವ ಮೇಜು,
ಕಿವಿಯ ಮೇಲೆ ಪೆನ್ಸಿಲು.
ಲಾರಿ ನಂಬರು, ಸೈಜುಗಲ್ಲೋ ಜಲ್ಲಿಯೋ, ಯಾವ ಬಡಾವಣೆಗೆ,
ರುಜು.
ಇಪ್ಪತ್ತೆಂಟು ವರ್ಷ, ನಲವತ್ತೊಂದು ಪುಸ್ತಕ.

ಮೊದಲು ಬಂದದ್ದು ಹನ್ನೊಂದು ಮನೆಯವರು,
ಕತ್ತೆಯ ಮೇಲೆ ಪಾತ್ರೆ, ಹೆಗಲ ಮೇಲೆ ಹಾರೆ.
ಗುರ್ರಪ್ಪ ಬಂಡೆಗೆ ಕಿವಿಯಿಟ್ಟು ಮಲಗಿ
ಸುತ್ತಿಗೆಯ ಹಿಂಬದಿಯಿಂದ ಕುಟ್ಟುತ್ತಿದ್ದ,
ಹೊತ್ತಲ್ಲದ ಹೊತ್ತಲ್ಲಿ ಬಾಗಿಲು ತಟ್ಟುವವನ ಹಾಗೆ, ಮೆಲ್ಲಗೆ.
“ಇಲ್ಲಿ ಒಪ್ತದೆ” ಅನ್ನುವನು. ಅಲ್ಲೇ ಚಾಣ.
ರಾತ್ರಿಯಿಡೀ ಜಾಲಿಸೌದೆ ಉರಿಸಿದರೆ
ಬೆಳಗಿನ ಹೊತ್ತಿಗೆ ಬಂಡೆ ಪದರ ಬಿಡುತ್ತಿತ್ತು,
ಕಾವಲಿಯಿಂದ ರೊಟ್ಟಿ ಎದ್ದಂತೆ.

ಆಮೇಲೆ ಊರು.
ಊರೆಂದರೇನು? ಶನಿವಾರದ ಬಟವಾಡೆ,
ಅದರ ವಾಸನೆ ಹಿಡಿದು ಬಂದ ಬಳೆಗಾರ,
ಚೀಟಿ ನಡೆಸುವ ಮೇರಿಯಮ್ಮ, ಕ್ಷೌರದ ಕುರ್ಚಿ,
ಎರಡು ಸಾರಾಯಿ ಅಂಗಡಿ, ಒಂದು ಟೆಂಟು ಸಿನಿಮಾ.
ಪರದೆಯಲ್ಲಿ ಕಲ್ಲಿನ ಚೂರು ಹೊಡೆದ ತೂತು
ಒಮ್ಮೊಮ್ಮೆ ನಾಯಕಿಯ ಹಣೆಗೆ ಸರಿಯಾಗಿ ಕೂರುತ್ತಿತ್ತು.

ಮಧ್ಯಾಹ್ನ ಎರಡಕ್ಕೆ ಸೀಟಿ.
ಅಂಕಮ್ಮ ಸಾರಿನ ಮೇಲೆ ತಟ್ಟೆ ಮುಚ್ಚುವಳು,
ಮಕ್ಕಳು ಸ್ಲೇಟು ತಲೆಗಿಟ್ಟು ಸದ್ದು ಎಣಿಸುವರು,
ಒಂದು, ಎರಡು, ಮೂರು. ಅಂಕಿ ಕಲಿತದ್ದೇ ಹಾಗೆ.
ಏಳು ಬತ್ತಿಗೆ ಆರೇ ಸದ್ದಾದರೆ
ಇಡೀ ಊರು ಉಸಿರು ಹಿಡಿಯುವುದು.

ಬೆಟ್ಟ ಎಲ್ಲಿಗೆ ಹೋಯಿತೆಂದು ಕೇಳುತ್ತೀರಿ.
ಹೋಗಿಲ್ಲ. ವಿಳಾಸ ನನ್ನ ಬಳಿ ಇದೆ.
ನೆತ್ತಿ, ಜಯನಗರದ ತಳಪಾಯದಲ್ಲಿ.
ಪೂರ್ವದ ಭುಜ, ರಿಂಗ್ ರೋಡಿನ ಹೊಟ್ಟೆಯಲ್ಲಿ.
ಜೇನು ಕಟ್ಟುತ್ತಿದ್ದ ಬಂಡೆ,
ಮಲ್ಲೇಶ್ವರದ ಯಾವುದೋ ಅಡ್ಡರಸ್ತೆಯ ಮೋರಿಚಪ್ಪಡಿ.
ಕಣ್ಣಾಸ್ಪತ್ರೆಗೆಂದು ಹೋದ ಗುರ್ರಪ್ಪ
ಫುಟ್‌ಪಾತಿನ ಅಂಚಿಗೆ ಕುಕ್ಕರುಗಾಲಲ್ಲಿ ಕೂತು
ಬೆರಳ ಗೆಣ್ಣಿನಿಂದ ತಟ್ಟುತ್ತ ಸರಿದನಂತೆ, ಕಲ್ಲಿನಿಂದ ಕಲ್ಲಿಗೆ:
“ನಮ್ದು. ನಮ್ದಲ್ಲ. ನಮ್ದು.”
ಟ್ರಾಫಿಕ್ ಪೊಲೀಸು ಎಬ್ಬಿಸಿ ಕಳಿಸಿದ.

ಕ್ರಷರ್ ಬಂದ ಮೇಲೆ
ಒಪ್ಪುತ್ತೀಯಾ ಎಂದು ಕಲ್ಲನ್ನು ಯಾರೂ ಕೇಳಲಿಲ್ಲ.
ಬೋರೆ ನೆಲದ ಮಟ್ಟಕ್ಕೆ ಬಂತು, ಅಲ್ಲಿಗೂ ನಿಲ್ಲಲಿಲ್ಲ.
ಬೆಟ್ಟ ಹತ್ತುತ್ತಿದ್ದವರು ಬೆಟ್ಟಕ್ಕೆ ಇಳಿಯತೊಡಗಿದೆವು.
ತೊಂಬತ್ತು ಅಡಿಯಲ್ಲಿ ನೀರು. ಪಂಪು ಇಟ್ಟರು.
ಕೋರ್ಟಿನ ಕಾಗದ ಬಂದ ದಿನ ಪಂಪು ನಿಂತಿತು.
ಮೇರಿಯಮ್ಮ ಚೀಟಿ ದುಡ್ಡು ಪೈಸೆ ಬಿಡದೆ ಹಂಚಿ
ಮೇಕೆ ಹಿಡಿದುಕೊಂಡು ಹೊಸೂರಿನ ಕಡೆ ಹೋದಳು.
ಟೆಂಟು ಮೊದಲೇ ಕಿತ್ತಿತ್ತು.
ಕ್ಷೌರದ ಕುರ್ಚಿ ಮಾತ್ರ ಎರಡು ಮಳೆಗಾಲ
ಬಯಲಲ್ಲೇ ಕೂತಿತ್ತು, ಇನ್ನೂ ಯಾರದೋ ಸರದಿ ಇದೆಯೆಂಬಂತೆ.

ಬಳಿಕ ಲಾರಿಗಳು ತಿರುಗಿ ಬಂದವು, ಅದೇ ದಾರಿ.
ಈ ಸಲ ತುಂಬಿ ಬಂದವು, ಖಾಲಿ ಹೋದವು.
ನಗರದ ಕಸ.
ಅದಕ್ಕೆ ಚೀಟಿ ಬರೆಯಲು ಯಾರನ್ನೂ ಇಟ್ಟಿರಲಿಲ್ಲ.

ಮೊನ್ನೆ ಸರ್ವೆಯ ಹುಡುಗಿ ಬಂದಿದ್ದಳು, ಹೆಗಲಲ್ಲಿ ಮುಕ್ಕಾಲಿ.
“ಪಹಣಿಯಲ್ಲಿ ಇನ್ನೂ ಬೋರೆ ಅಂತಿದೆ ತಾತ, ಎಷ್ಟೆತ್ತರ ಇತ್ತು?”
ಒಂದು ಲಕ್ಷ ಹದಿನಾರು ಸಾವಿರದ ನಾನ್ನೂರು ಲೋಡು ಎತ್ತರ, ಎಂದೆ.
ನಕ್ಕಳು. ಬರೆದುಕೊಳ್ಳಲಿಲ್ಲ.

ಒಂದನ್ನು ನಾನೂ ಹೇಳಲಿಲ್ಲ.
ಹದಿನೇಳನೇ ಪುಸ್ತಕ, ಮೂವತ್ತನೇ ಹಾಳೆ:
ಚಪ್ಪಡಿ ಒಂದು. ಲಾರಿ ಇಲ್ಲ. ಹಣ ಇಲ್ಲ.
ಎಲ್ಲಿಗೆ ಎಂಬ ಕಡೆ ಒಂದು ಅಡ್ಡಗೆರೆ.
ಏಳನೇ ಬತ್ತಿ ನೋಡಲು ಹೋದ ನರಸಿಂಬೋವಿಗೆ
ಅವನಣ್ಣ ಗುರ್ರಪ್ಪ ರಾತ್ರಿ ಕೂತು ನುಣುಪು ಮಾಡಿದ್ದು.
ಹೆಸರು ಕೊರೆಯಲಿಲ್ಲ. ಅವರಿಗೆ ಅಕ್ಷರ ಬರದು.
ಬರುತ್ತಿದ್ದವನು ನಾನೊಬ್ಬನೇ,
ಶೆಡ್ಡಿನ ಬಾಗಿಲಲ್ಲಿ, ಕಿವಿಯ ಮೇಲೆ ಪೆನ್ಸಿಲು.
ಅವರು ಕೇಳಲಿಲ್ಲ.
ನಾನೂ ಎದ್ದು ಹೋಗಲಿಲ್ಲ.